ಬೇಡ ಅಂದವರಿಗಾಗಿ ಹುಟ್ಟಿದ ಮೀನಿನ ಬರ್ಗರ್

ಮೆಕ್‌ಡೊನಾಲ್ಡ್ಸ್‌ನ ಫಿಲೆ-ಓ-ಫಿಶ್ ತಿಂದವರು ಗಮನಿಸಿರಬಹುದು, ಅದರೊಳಗೆ ಚೀಸ್ ಅರ್ಧ ಹಾಳೆ ಮಾತ್ರ ಇರುತ್ತದೆ. ನಾನು ಮೊದಲ ಸಲ ಅದನ್ನು ಬಿಚ್ಚಿ ನೋಡಿದ್ದು ಅಮೆರಿಕದಲ್ಲಿ, ನ್ಯೂಜೆರ್ಸಿಯಿಂದ ನಯಾಗರಾಕ್ಕೆ ಹೋಗುವ ದಾರಿಯಲ್ಲಿ. ಅತ್ತಿಗೆ ಯಾರನ್ನೂ ಕೇಳದೆ ಎಲ್ಲರಿಗೂ ಅದನ್ನೇ ಹೇಳಿ ತಂದಿದ್ದರು. ಅಣ್ಣನಿಗೂ ಅದೇ, ಮಕ್ಕಳಿಗೂ ಅದೇ. ಅಣ್ಣ ಅಲ್ಲಿಗೆ ಓದಲು ಹೋದ ಕಾಲದಿಂದಲೂ ದಾರಿ ಮಧ್ಯದ ಊಟ ಅಂದರೆ ಇದೇ ಅಂತೆ. ನಾನು ಬನ್ನಿನ ಮುಚ್ಚಳ ಎತ್ತಿ, "ಅತ್ತಿಗೆ, ಇದರಲ್ಲಿ ಚೀಸ್ ಅರ್ಧವೇ ಉಂಟು, ಹಾಕುವಾಗ ಹರಿದುಹೋಯ್ತಾ?" ಅಂತ ಕೇಳಿದೆ. "ಇಲ್ಲ ಮಾರಾಯ್ತಿ, ಅದು ಇರುವುದೇ ಹಾಗೆ. ತಿನ್ನು, ತಣಿದರೆ ಆಗುವುದಿಲ್ಲ" ಅಂದರು. ಪಕ್ಕದ ಮೇಜಿನಲ್ಲಿ ತಲೆಗೆ ಹಿಜಾಬ್ ಸುತ್ತಿದ ತಾಯಿ ಮತ್ತು ಮಕ್ಕಳು ಕುಳಿತಿದ್ದರು. ಅವರ ಮುಂದೆ ಕೂಡ ಅದೇ ನೀಲಿ ಪೆಟ್ಟಿಗೆ ಇತ್ತು. ದನದ ಮಾಂಸದ ಬರ್ಗರಿಗೆ ಹೆಸರಾದ ಅಂಗಡಿ. ಅಲ್ಲಿ ಎರಡು ಮೇಜು ತುಂಬ ಮೀನು ತಿನ್ನುವ ಜನ.

ಆ ದೃಶ್ಯ ನನ್ನ ತಲೆಯಿಂದ ಹೋಗಲಿಲ್ಲ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು, ಆ ಅರ್ಧ ಚೀಸ್ ಯಾರ ಲೆಕ್ಕ ಅಂತ ಹುಡುಕುತ್ತಾ ಹೋದೆ. ನಾವು ಸಾಮಾನ್ಯವಾಗಿ ಒಂದು ತಿಂಡಿಯ ಹಿಂದೆ ಒಳ್ಳೆಯ ನಾಲಿಗೆಯ ಅಡುಗೆಯವರೊಬ್ಬರು ಇದ್ದಾರೆ ಅಂತಲೇ ಅಂದುಕೊಳ್ಳುತ್ತೇವೆ, ಅಲ್ವಾ? ಈ ಮೀನಿನ ಬರ್ಗರ್ ಹಾಗೆ ಹುಟ್ಟಿದ್ದಲ್ಲ. ಒಂದು ಊರಿನ ಜನ ವಾರಕ್ಕೊಮ್ಮೆ "ಇವತ್ತು ಮಾಂಸ ಬೇಡ" ಅನ್ನುತ್ತಿದ್ದರು. ಆ "ಬೇಡ"ದಿಂದ ಇದು ಹುಟ್ಟಿತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಶುಕ್ರವಾರದ ಗಲ್ಲಾ

ಒಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಅಂಚಿನಲ್ಲಿ ಮಾನ್‌ಫೋರ್ಟ್ ಹೈಟ್ಸ್ ಅಂತ ಒಂದು ಬಡಾವಣೆ. 1959ರಲ್ಲಿ ಲೂ ಗ್ರೋಯೆನ್ ಅನ್ನುವವರು ಅಲ್ಲಿ ಮೆಕ್‌ಡೊನಾಲ್ಡ್ಸ್ ಫ್ರಾಂಚೈಸಿ ತೆರೆದರು. ಆಗಿನ ಮೆಕ್‌ಡೊನಾಲ್ಡ್ಸ್ ಇವತ್ತಿನ ಹಾಗೆ ಇಷ್ಟುದ್ದದ ಪಟ್ಟಿ ಇಟ್ಟುಕೊಂಡ ಅಂಗಡಿ ಆಗಿರಲಿಲ್ಲ. 15 ಸೆಂಟಿನ ಹ್ಯಾಂಬರ್ಗರ್, ಅದಕ್ಕೆ ಚೀಸ್ ಹಾಕಿದರೆ ಚೀಸ್‌ಬರ್ಗರ್, ಆಲೂಗಡ್ಡೆ ಫ್ರೈಸ್, ಮಿಲ್ಕ್‌ಶೇಕ್, ಕೆಲವು ಪಾನೀಯ. ಅಷ್ಟೇ. ಪಟ್ಟಿ ಚಿಕ್ಕದಾಗಿದ್ದುದೇ ಅದರ ಬಲ. ಕಡಿಮೆ ಪದಾರ್ಥ, ಒಂದೇ ಬಗೆಯ ಕೆಲಸ, ಬೇಗ ಬೇಗ ಕೊಡುವುದು. ಆದರೆ ಆ ಪಟ್ಟಿಯಲ್ಲಿ ಹೊಟ್ಟೆ ತುಂಬುವ ಮುಖ್ಯ ತಿನಿಸು ಅಂತ ಇದ್ದದ್ದು ದನದ ಮಾಂಸದ್ದು ಮಾತ್ರ.

ಆ ಬಡಾವಣೆಯಲ್ಲಿ ಕ್ಯಾಥೊಲಿಕರೇ ಜಾಸ್ತಿ. ಗ್ರೋಯೆನ್ ಮುಂದೆ ಪತ್ರಿಕೆಯವರಿಗೆ ಹೇಳಿದ ಲೆಕ್ಕದ ಪ್ರಕಾರ ನೂರಕ್ಕೆ 87 ಮಂದಿ. ಆ ಕಾಲದಲ್ಲಿ ಅಮೆರಿಕದ ಕ್ಯಾಥೊಲಿಕರಿಗೆ ವರ್ಷದ ಎಲ್ಲ ಶುಕ್ರವಾರವೂ ಮಾಂಸ ನಿಷಿದ್ಧ. ಯೇಸು ಶಿಲುಬೆಗೇರಿದ ದಿನ ಅದು ಅನ್ನುವ ಕಾರಣಕ್ಕೆ. ದನ, ಹಂದಿ, ಕೋಳಿ ಯಾವುದೂ ಇಲ್ಲ, ಮೀನಿಗೆ ಅಡ್ಡಿಯಿಲ್ಲ. ಹಾಗಾಗಿ ವಾರವೆಲ್ಲ ಬರುತ್ತಿದ್ದ ಜನ ಶುಕ್ರವಾರ ಈ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಶುಕ್ರವಾರದ ವ್ಯಾಪಾರ ಸುಮಾರು 75 ಡಾಲರಿಗೆ ಇಳಿಯುತ್ತಿತ್ತು ಅಂತ ಗ್ರೋಯೆನ್ ಹೇಳಿದ್ದಾರೆ. ಅಂಗಡಿಯಲ್ಲಿ ದುಡಿಯುತ್ತಿದ್ದವರು ಅವರು, ಅವರ ಹೆಂಡತಿ ಮತ್ತು ಇನ್ನೊಬ್ಬ ಕೆಲಸಗಾರ. ನೆಲ ಗುಡಿಸುವುದರಿಂದ ಹಿಡಿದು ರಿಪೇರಿವರೆಗೆ ಎಲ್ಲ ಅವರದೇ. ಅಂಥ ಅಂಗಡಿಗೆ ವಾರದಲ್ಲಿ ಒಂದು ದಿನ ಖಾಲಿ ಹೋಗುವುದೆಂದರೆ ಸಣ್ಣ ಮಾತಲ್ಲ. ಅದೇ ಹೊತ್ತಿಗೆ ಸಿನ್ಸಿನಾಟಿಯದೇ ಆದ ಫ್ರಿಶ್ಸ್ ಬಿಗ್ ಬಾಯ್ ಹೋಟೆಲುಗಳಲ್ಲಿ ಮೀನಿನ ಸ್ಯಾಂಡ್‌ವಿಚ್ ಚೆನ್ನಾಗಿ ಓಡುತ್ತಿತ್ತು. ಗಿರಾಕಿಗಳು ಎಲ್ಲಿಗೆ ಹೋಗುತ್ತಿದ್ದಾರೆ ಅನ್ನುವುದು ಅವರ ಕಣ್ಣೆದುರಿಗೇ ಇತ್ತು.

ಇಲ್ಲಿ ಗ್ರೋಯೆನ್ ಮಾಡಿದ ಕೆಲಸ ನನಗೆ ತುಂಬ ಇಷ್ಟ. ಜನರ ನಿಯಮವನ್ನು ಅವರು ತಮ್ಮ ವ್ಯಾಪಾರಕ್ಕೆ ಅಡ್ಡ ಬಂದ ಕಲ್ಲು ಅಂತ ನೋಡಲಿಲ್ಲ. "ಒಂದು ದಿನ ತಾನೆ, ಬಂದು ತಿನ್ನಿ" ಅಂತ ಯಾರನ್ನೂ ಎಳೆಯಲಿಲ್ಲ. ಬೆಲೆ ಇಳಿಸಿ ಆಸೆ ಹುಟ್ಟಿಸಲೂ ಹೋಗಲಿಲ್ಲ. ಇವರು ಇವತ್ತು ಏನು ತಿನ್ನಬಹುದು ಅಂತ ಯೋಚಿಸಿದರು. ಹಲಿಬಟ್ ಅನ್ನುವ ಬಿಳಿ ಮೀನು ತಂದು, ಹಿಟ್ಟಿನಲ್ಲಿ ಅದ್ದಿ ಕರಿದು, ಟಾರ್ಟರ್ ಸಾಸ್ ಹಾಕಿ ಬನ್ನಿನೊಳಗೆ ಇಟ್ಟರು. ಅದನ್ನು ಹಿಡಿದುಕೊಂಡು ಕಂಪನಿಯ ಯಜಮಾನರ ಹತ್ತಿರ ಹೋದರು.

ಅನಾನಸ್ ಜೊತೆ ಪಂದ್ಯ

ಯಜಮಾನರು ಅಂದರೆ ರೇ ಕ್ರಾಕ್. ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರಿಂದ 1961ರಲ್ಲಿ 27 ಲಕ್ಷ ಡಾಲರಿಗೆ ಇಡೀ ಕಂಪನಿಯನ್ನು ಕೊಂಡವರು. ಅವರಿಗೆ ಮೀನು ಅಂದರೆ ಆಗಲಿಲ್ಲ. ನನ್ನ ಅಂಗಡಿಗಳು ಮೀನು ವಾಸನೆ ಹೊಡೆಯಬಾರದು ಅನ್ನುವುದು ಅವರ ಹಠ. ಆದರೆ ಶುಕ್ರವಾರದ ಸಮಸ್ಯೆ ಅವರಿಗೂ ಗೊತ್ತಿತ್ತು, ಅದಕ್ಕೆ ಅವರದೇ ಒಂದು ಉತ್ತರವೂ ಇತ್ತು. ಹೂಲಾ ಬರ್ಗರ್. ಮಾಂಸದ ಜಾಗದಲ್ಲಿ ಸುಟ್ಟ ಅನಾನಸ್ ಬಿಲ್ಲೆ, ಅದರ ಮೇಲೆ ಚೀಸ್, ಆಚೀಚೆ ಬನ್. ಕ್ರಾಕ್‌ಗೆ ಅದು ಬಹಳ ಇಷ್ಟವಾಗಿತ್ತು.

ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಒಂದೇ ದಿನ ಎರಡನ್ನೂ ಮಾರೋಣ, ಯಾವುದು ಜಾಸ್ತಿ ಹೋಗುತ್ತದೋ ಅದು ಪಟ್ಟಿಗೆ. ದಿನ 1962ರ ಗುಡ್ ಫ್ರೈಡೇ. ಕ್ಯಾಥೊಲಿಕರು ವರ್ಷದಲ್ಲೇ ಅತ್ಯಂತ ಕಟ್ಟುನಿಟ್ಟಾಗಿ ಮಾಂಸ ಬಿಡುವ ದಿನಗಳಲ್ಲಿ ಅದೂ ಒಂದು. ಗ್ರೋಯೆನ್ ಹೇಳುತ್ತಿದ್ದ ಲೆಕ್ಕದ ಪ್ರಕಾರ ಆ ದಿನ ಮೀನಿನ ಬರ್ಗರ್ 350 ಹೋಯಿತು, ಅನಾನಸ್ ಬರ್ಗರ್ 6. ಕ್ರಾಕ್ ತಮ್ಮ ಆತ್ಮಕಥೆಯಲ್ಲಿ ಈ ಸೋಲನ್ನು ಮುಚ್ಚಿಟ್ಟಿಲ್ಲ. ಹೂಲಾ ಏನೋ ಸರಿ, ಇದರಲ್ಲಿ ಬರ್ಗರ್ ಎಲ್ಲಿದೆ ಅಂತ ಒಬ್ಬ ಗಿರಾಕಿ ಕೇಳಿದ್ದನ್ನೂ ಅವರೇ ಬರೆದಿದ್ದಾರೆ.

ಈ 350 ಮತ್ತು 6ರ ಕಥೆಯನ್ನು ಬಹಳ ಜನ ವ್ಯಾಪಾರದ ಪಾಠದ ಹಾಗೆ ಹೇಳುತ್ತಾರೆ. ಅಂಗಡಿಯಲ್ಲಿ ನಿಂತವನಿಗೆ ಗೊತ್ತಿರುವುದು ಮೇಲಿನ ಆಫೀಸಿಗೆ ಗೊತ್ತಿರುವುದಿಲ್ಲ ಅಂತ. ಅದು ಸರಿಯೇ. ನನ್ನ ಯೋಚನೆ ಮಾತ್ರ ಬೇರೆ ಕಡೆ ಹೋಗುತ್ತದೆ. ನಿಯಮ ಪಾಲಿಸುವ ವಿಷಯಕ್ಕೆ ಬಂದರೆ ಅನಾನಸ್ ಮೀನಿಗಿಂತ ಒಂದು ಕೈ ಮೇಲೆ, ಅಲ್ವಾ? ಅದರಲ್ಲಿ ಮಾಂಸದ ಸುಳಿವೇ ಇಲ್ಲ. ಆದರೂ ಜನ ಅದನ್ನು ಮುಟ್ಟಲಿಲ್ಲ. ಯಾಕೆಂದರೆ ನಿಯಮ ಇಟ್ಟುಕೊಂಡವರಿಗೆ ನಿಯಮ ಒಂದೇ ಇರುವುದಿಲ್ಲ, ಹಸಿವೂ ಇರುತ್ತದೆ. ಅವರಿಗೆ ಬಿಸಿಯಾಗಿ, ಉಪ್ಪುಪ್ಪಾಗಿ, ಹೊಟ್ಟೆಗೆ ಆಗುವ ಊಟ ಬೇಕಿತ್ತು. ಮನೆಯಲ್ಲಿ ಶುಕ್ರವಾರ ಅಮ್ಮ ಮಾಡುತ್ತಿದ್ದದ್ದೂ ಮೀನೇ. ಗ್ರೋಯೆನ್ ಅದನ್ನೇ ಕೊಟ್ಟರು.

ಒಳಗೇನಿದೆ

ಪಂದ್ಯ ಗೆದ್ದ ಮೇಲೆ ಲೆಕ್ಕಾಚಾರ ಶುರುವಾಯಿತು. ಹಲಿಬಟ್ ಮೀನಿನಲ್ಲಿ ಮಾಡಿದರೆ ಗ್ರೋಯೆನ್‌ಗೆ 30 ಸೆಂಟ್ ಬೆಲೆ ಇಡಬೇಕಿತ್ತು. ಕಂಪನಿ 25 ಸೆಂಟಿಗಿಂತ ಮೇಲೆ ಒಪ್ಪಲಿಲ್ಲ. ಆ 5 ಸೆಂಟಿಗಾಗಿ ಮೀನು ಬದಲಾಯಿತು. ಹಲಿಬಟ್ ಹೋಗಿ ಅಟ್ಲಾಂಟಿಕ್ ಕಾಡ್ ಬಂತು. ಅರ್ಧ ಚೀಸಿನ ಕಥೆಯೂ ಈ ಹಂತದ್ದೇ. ಗ್ರೋಯೆನ್ ಅಂಗಡಿಯ ಹುಡುಗನೊಬ್ಬ ತನ್ನ ಮೀನಿನ ಬರ್ಗರಿಗೆ ಒಂದು ಚೀಸ್ ಹಾಳೆ ಸೇರಿಸಿ ತಿಂದನಂತೆ. ಆ ಸುದ್ದಿ ಕ್ರಾಕ್ ಕಿವಿಗೆ ಬಿತ್ತು. ಇದಕ್ಕೆ ಬೇಕಾಗಿದ್ದದ್ದು ಇದೇ, ಒಂದು ಹಾಳೆ ಚೀಸ್ ಅಂದವರು ತಕ್ಷಣ ತಿದ್ದಿಕೊಂಡು ಅರ್ಧ ಹಾಳೆ ಸಾಕು ಅಂದರಂತೆ. ಇದೂ ಅವರ ಆತ್ಮಕಥೆಯಲ್ಲೇ ಇದೆ. ಹಾಗೆ ನೋಡಿದರೆ ಆ ಅರ್ಧ ಹಾಳೆಯ ನಿಜವಾದ ಒಡೆಯ ಹೆಸರಿಲ್ಲದ ಆ ಹುಡುಗ. ಮಧ್ಯಾಹ್ನ ಊಟದ ಹೊತ್ತಿಗೆ ತನಗೆ ರುಚಿ ಅನ್ನಿಸಿದ ಹಾಗೆ ತಿಂದ ಒಬ್ಬ ಕೆಲಸದ ಹುಡುಗ. ಅವನ ಆ ಒಂದು ಊಟ ಇವತ್ತಿಗೂ ದೇಶದೇಶಗಳಲ್ಲಿ ನಡೆಯುತ್ತಿದೆ.

1965ರಲ್ಲಿ ಇದು ಅಮೆರಿಕದ ಎಲ್ಲ ಅಂಗಡಿಗಳ ಪಟ್ಟಿಗೆ ಬಂತು. ಹ್ಯಾಂಬರ್ಗರ್ ಬಿಟ್ಟು ಬೇರೆ ಬಗೆಯ ಬರ್ಗರ್ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. ಬಿಗ್ ಮ್ಯಾಕ್ ದೇಶವಿಡೀ ಬಂದದ್ದು 1968ರಲ್ಲಿ, ಇದಾದ ಮೇಲೆ.

ಒಳಗಿರುವ ಪದಾರ್ಥಗಳು ನಾಲ್ಕೇ. ಬನ್, ಮೀನು, ಟಾರ್ಟರ್ ಸಾಸ್, ಆ ಅರ್ಧ ಚೀಸ್. ಬೇರೆ ಬರ್ಗರುಗಳ ಬನ್ನನ್ನು ಕಾವಲಿಯ ಬಿಸಿಗೆ ಒಡ್ಡಿ ಕೆಂಪಗೆ ಮಾಡುತ್ತಾರೆ. ಇದರ ಬನ್ನನ್ನು ಮಾತ್ರ ಆವಿಯಲ್ಲಿ ಬಿಸಿ ಮಾಡುತ್ತಾರೆ. ಹಾಗಾಗಿ ಅದು ಮುಟ್ಟಿದರೆ ಒಳಗೆ ಹೋಗುವಷ್ಟು ಮೆತ್ತಗೆ. ಸಾಸ್ ಅಂದರೆ ಮಯೋನೀಸಿಗೆ ಉಪ್ಪಿನಲ್ಲಿ ಹಾಕಿದ ಸೌತೆಯ ಚೂರು, ಈರುಳ್ಳಿ, ಸ್ವಲ್ಪ ಹುಳಿ ಸೇರಿಸಿದ್ದು. ಕೊತ್ತಂಬರಿ ಇಲ್ಲ, ಮೆಣಸಿನ ಖಾರ ಇಲ್ಲ. ಕಚ್ಚಿದಾಗ ಗರಿ ಅನ್ನುವುದು ಮೀನಿನ ಹೊರಗಿನ ತೆಳ್ಳನೆಯ ಪದರ ಒಂದೇ.

ಮೀನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ಕರಾವಳಿಯವಳು, ಆ ಚೌಕದ ಮೀನು ನೋಡಿದ ಕೂಡಲೇ ಇದರ ತಲೆ ಎಲ್ಲಿ, ಬಾಲ ಎಲ್ಲಿ ಅಂತ ಹುಡುಕುವವಳು. ಚೌಕದ ಮೀನು ಕಡಲಲ್ಲಿ ಇಲ್ಲ. ಈಗ ಅಮೆರಿಕದಲ್ಲಿ ಇದಕ್ಕೆ ಬಳಸುವುದು ಅಲಾಸ್ಕಾ ಪೊಲಾಕ್ ಅನ್ನುವ ಮೀನು. ಕಾಡ್ ಮೀನಿನ ಹತ್ತಿರದ ಸಂಬಂಧಿ. ಬೇರಿಂಗ್ ಸಮುದ್ರದಲ್ಲಿ ದೊಡ್ಡ ಟ್ರಾಲರುಗಳು ಹಿಡಿಯುತ್ತವೆ. ಕೆಲವು ಹಡಗುಗಳೇ ಕಾರ್ಖಾನೆ. ಅಲ್ಲೇ ಮುಳ್ಳು, ಚರ್ಮ ತೆಗೆದು, ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಗಟ್ಟಿ ಹಲಗೆಯಾಗುವ ಹಾಗೆ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ದಡದ ಕಾರ್ಖಾನೆಯಲ್ಲಿ, ಬಾರ್ ಸೋಪನ್ನು ಬಿಲ್ಲೆ ಮಾಡಿದ ಹಾಗೆ ಆ ಹಲಗೆಯನ್ನು ಗರಗಸದಲ್ಲಿ ಕೊಯ್ದು ಚೌಕ ಮಾಡುತ್ತಾರೆ. ಹಿಟ್ಟು, ಬ್ರೆಡ್ಡಿನ ಪುಡಿ ಹಚ್ಚಿ, ಅರೆಬರೆ ಕರಿದು, ಮತ್ತೆ ಹೆಪ್ಪುಗಟ್ಟಿಸಿ ಅಂಗಡಿಗಳಿಗೆ ಕಳಿಸುತ್ತಾರೆ. ಹೆಪ್ಪುಗಟ್ಟಿದ ಮೀನಿನ ಹಲಗೆಯನ್ನು ಕೊಯ್ದು ಮಾರುವ ಈ ಉಪಾಯ ಗ್ರೋಯೆನ್‌ಗಿಂತ ಹಳೆಯದು. 1950ರ ದಶಕದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಫಿಶ್ ಸ್ಟಿಕ್ ಕೂಡ ಇದೇ ದಾರಿಯದು.

ಬಿಳಿ ಬಣ್ಣ, ಮುಳ್ಳಿಲ್ಲ, ವಾಸನೆ ಇಲ್ಲ. ಕ್ರಾಕ್ ಹೆದರಿದ್ದ ವಾಸನೆಯೇ ಈ ಮೀನನ್ನು ಆರಿಸಿತು ಅನ್ನಬಹುದು. ನನ್ನ ಬಾಯಿಗೆ ಇದು ಸಪ್ಪೆ. ಬಂಗುಡೆ ಪುಳಿಮುಂಚಿ ತಿಂದು ಬೆಳೆದವರಿಗೆ ಇದನ್ನು ಮೀನು ಅಂತ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ರುಚಿಗಿಂತ ಹೆಚ್ಚು ನನ್ನನ್ನು ಕಾಡುವುದು ಕಡಲಿನ ಲೆಕ್ಕ. ಅಟ್ಲಾಂಟಿಕ್ ಕಾಡ್ ಒಂದು ಕಾಲಕ್ಕೆ ಎಷ್ಟು ಹಿಡಿದರೂ ಮುಗಿಯದು ಅಂತ ಎಲ್ಲರೂ ನಂಬಿದ್ದ ಮೀನು. 1992ರ ಜುಲೈಯಲ್ಲಿ ಕೆನಡಾ ಸರ್ಕಾರ ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಮೀನೇ ಉಳಿದಿರಲಿಲ್ಲ. ಒಂದೇ ಏಟಿಗೆ 30 ಸಾವಿರ ಜನ ಕೆಲಸ ಕಳೆದುಕೊಂಡರು. ಒಂದು ಬರ್ಗರ್ ಅಷ್ಟೂ ಮೀನನ್ನು ನುಂಗಿತು ಅಂತ ನಾನು ಹೇಳುತ್ತಿಲ್ಲ. ದಶಕಗಟ್ಟಲೆ ಹಲವು ದೇಶಗಳ ಹಡಗುಗಳು ಬಂದು ಬಾಚಿದ್ದರ ಫಲ ಅದು. ಆದರೆ ಅಗ್ಗದ ಬಿಳಿ ಮೀನು ಯಾವತ್ತೂ ಸಿಗುತ್ತದೆ ಅನ್ನುವ ನಂಬಿಕೆಯ ಮೇಲೆಯೇ ಆ 25 ಸೆಂಟಿನ ಬೆಲೆ ನಿಂತಿತ್ತು. ಈಗಿನ ಪೊಲಾಕ್ ಹಿಡಿಯುವುದಕ್ಕೆ ವರ್ಷ ವರ್ಷ ಮಿತಿ ಹಾಕುತ್ತಾರೆ, ಆ ಮಿತಿಯೇ 10 ಲಕ್ಷ ಟನ್ನಿಗಿಂತ ಜಾಸ್ತಿ ಇರುತ್ತದೆ. 2013ರಿಂದ ಅಮೆರಿಕದ ಅಂಗಡಿಗಳ ಮೀನಿನ ಪೆಟ್ಟಿಗೆಯ ಮೇಲೆ ಕಡಲನ್ನು ಬರಿದು ಮಾಡದೆ ಹಿಡಿದ ಮೀನು ಅನ್ನುವ ನೀಲಿ ಗುರುತು ಇದೆ. ಮಲ್ಪೆಯ ಬಂದರಿನಲ್ಲಿ ಬೂತಾಯಿ ಸಿಗದ ವರ್ಷಗಳನ್ನು ನೋಡಿದವರು ಅಂಥ ಗುರುತನ್ನು ಸುಮ್ನೆ ಚಿತ್ರ ಅಂತ ತಳ್ಳಿಹಾಕುವುದಿಲ್ಲ.

ಅವರ ಶುಕ್ರವಾರ, ನಮ್ಮ ಶನಿವಾರ

ಸಿನ್ಸಿನಾಟಿಯ ಶುಕ್ರವಾರದ ಬಗ್ಗೆ ಓದುವಾಗ ನನಗೆ ನೆನಪಾದದ್ದು ಮಂಗಳೂರಿನ ನಮ್ಮ ಹಳೆಯ ಮನೆಯ ಬೇಲಿ. ಬೇಲಿಯ ಆಚೆ ಬಾಯಮ್ಮನ ಮನೆ. ಅವರು ಕ್ಯಾಥೊಲಿಕರು. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸು ಕಾಲದಲ್ಲಿ ಶುಕ್ರವಾರ ಅವರ ಮನೆಯಲ್ಲಿ ಮಾಂಸ ಮಾಡುತ್ತಿರಲಿಲ್ಲ. ಮೀನು ಮಾಡುತ್ತಿದ್ದರು. ನಮ್ಮದು ದಿನಾ ಮೀನು ತಿನ್ನುವ ಮನೆ, ಆದರೆ ಶನಿವಾರ ಮಾತ್ರ ಒಲೆಯ ಮೇಲೆ ಮೀನು ಏರುವ ಹಾಗಿಲ್ಲ. ಅಜ್ಜಿಯ ಕಟ್ಟಪ್ಪಣೆ. ಶುಕ್ರವಾರ ರಾತ್ರಿಯೇ ಮೀನಿನ ಮಡಕೆ ತೊಳೆದು ಹೊರಗೆ ಕವುಚಿ ಇಡಬೇಕು.

ಒಂದು ಸಂಜೆ ಬಾಯಮ್ಮ ಬಂಗುಡೆ ಹುರಿಯುತ್ತಿದ್ದರು, ಪರಿಮಳ ನಮ್ಮ ಜಗಲಿಗೆ ಬರುತ್ತಿತ್ತು. ಅಜ್ಜಿ ಬೇಲಿಯ ಹತ್ತಿರ ಹೋಗಿ ಕೇಳಿದಳು, "ಎಂಥ ಬಾಯಮ್ಮ, ಇವತ್ತು ನಿಮಗೆ ವ್ರತ ಅಂದ್ರಲ್ಲ?" ಬಾಯಮ್ಮ, "ಹೌದಲ್ಲ ಅಮ್ಮ, ವ್ರತ. ಅದಕ್ಕೇ ಮೀನು" ಅಂದರು. ಅಜ್ಜಿಗೆ ಅದು ಅರ್ಥವೇ ಆಗಲಿಲ್ಲ. "ಮೀನು ತಿಂದ ಮೇಲೆ ಬಿಟ್ಟದ್ದೇನು?" "ಮಾಂಸ ಬಿಟ್ಟೆವಲ್ಲ. ಕೋಳಿ ಇಲ್ಲ, ಹಂದಿ ಇಲ್ಲ." ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ನಮಗೆ ಮೀನು ಬಿಟ್ಟರೇ ಬಿಟ್ಟ ಹಾಗೆ" ಅಂದಳು. ಇಬ್ಬರೂ ಅಲ್ಲಿಗೇ ಬಿಟ್ಟು ತೆಂಗಿನಕಾಯಿ ಕೀಳಿಸುವ ಮಾತಿಗೆ ಹೋದರು. ಯಾರೂ ಯಾರಿಗೂ ಸರಿ ತಪ್ಪು ಹೇಳಲಿಲ್ಲ. ಒಂದು ಮನೆಯಲ್ಲಿ ವ್ರತ ಮುರಿಯುವ ಮೀನು ಇನ್ನೊಂದು ಮನೆಯಲ್ಲಿ ವ್ರತ ಉಳಿಸುವ ಮೀನು. ಬೇಲಿಗೆ ಈಚೆ ಒಂದು, ಆಚೆ ಒಂದು.

ನಮ್ಮ ಶನಿವಾರಕ್ಕೆ ಅಜ್ಜಿ ಮಾಡುತ್ತಿದ್ದದ್ದು ಜೀಗುಜ್ಜೆ, ಅಂದರೆ ದೀವಿಹಲಸು. ಊರಲ್ಲಿ ಮರ ಇದ್ದವರಿಗೆ ಗೊತ್ತು, ಅದರ ಕಾಲ ಬಂದರೆ ಮನೆತುಂಬ ಜೀಗುಜ್ಜೆ. ಅಜ್ಜಿ ಅದನ್ನು ತೆಳ್ಳಗೆ ಹೆಚ್ಚಿ, ಬಂಗುಡೆಗೆ ಹಚ್ಚುವ ಅದೇ ಮಸಾಲೆ ಹಚ್ಚುತ್ತಿದ್ದಳು. ಮೆಣಸಿನ ಪುಡಿ, ಹುಳಿ, ಉಪ್ಪು, ಅರಶಿನ. ಹೊರಗೆ ಅಕ್ಕಿಹಿಟ್ಟು, ಕಾವಲಿಯಲ್ಲಿ ತೆಂಗಿನೆಣ್ಣೆ. ಕೆಂಪಗೆ ಗರಿಗರಿಯಾಗಿ ಬರುತ್ತಿತ್ತು. ಗಂಜಿಗೆ ಅದನ್ನು ಕಚ್ಚಿಕೊಂಡರೆ ಶನಿವಾರ ಅನ್ನುವುದೇ ಮರೆತುಹೋಗುತ್ತಿತ್ತು. ಕ್ರಾಕ್ ಅವರ ಅನಾನಸ್ ಯಾಕೆ ಸೋತಿತು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದೇ. ಅವರು ಮಾಂಸ ತೆಗೆದು ಹಣ್ಣು ಇಟ್ಟರು. ಅಜ್ಜಿ ಮೀನು ತೆಗೆದಳು, ಆದರೆ ಮೀನಿನ ಜೊತೆ ಬರುತ್ತಿದ್ದ ಖಾರ, ಹುಳಿ, ಗರಿ ಎಲ್ಲವನ್ನೂ ಉಳಿಸಿಕೊಂಡಳು. ತಿನ್ನುವವನಿಗೆ ಯಾವುದರ ನೆನಪಾಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು, ಯಾಕೆಂದರೆ ಅವಳಿಗೂ ಅದೇ ನೆನಪಾಗುತ್ತಿತ್ತು.

ನಿಯಮದಿಂದ ಹುಟ್ಟಿದ ಅಡುಗೆ ನಮ್ಮ ಕಡೆ ಬೇಕಾದಷ್ಟಿದೆ. ಉಡುಪಿಯ ಮಠಗಳ ಚಾತುರ್ಮಾಸ್ಯ ನೋಡಿ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಒಂದೊಂದು ತಿಂಗಳಿಗೂ ಅಡುಗೆಮನೆ ಬೇರೆಯೇ ದಾರಿ ಹುಡುಕಿಕೊಳ್ಳಬೇಕು. ತರಕಾರಿ ಇಲ್ಲದ ಸಾರು, ಬೇಳೆ ಇಲ್ಲದ ಹುಳಿ ಮಾಡಲು ಕಲಿತ ಕೈಗಳಿಗೆ ಎಷ್ಟು ಜಾಣತನ ಬೇಕು! ಏಕಾದಶಿಯ ಅವಲಕ್ಕಿ, ಒಪ್ಪತ್ತಿನ ಉಪ್ಪಿಟ್ಟು ಎಲ್ಲ ಇದೇ ಸಾಲಿನವು. ಎಲ್ಲವೂ ಸಿಗುವ ದಿನ ನಾವು ನಿನ್ನೆ ಮಾಡಿದ್ದನ್ನೇ ಮಾಡುತ್ತೇವೆ. ಇದು ಬೇಡ, ಅದು ಬೇಡ ಅಂದಾಗಲೇ ಕೈ ಹೊಸದನ್ನು ಹುಡುಕುವುದು.

ನಿಯಮ ಸಡಿಲವಾದ ಮೇಲೆ

ಈ ಕಥೆಯಲ್ಲಿ ನನಗೆ ಅತಿ ಹೆಚ್ಚು ಆಶ್ಚರ್ಯವಾದದ್ದು ಮುಂದಿನ ಭಾಗ. ಮೀನಿನ ಬರ್ಗರ್ ದೇಶವಿಡೀ ಬಂದದ್ದು 1965. ಮರುವರ್ಷವೇ, 1966ರ ಫೆಬ್ರವರಿಯಲ್ಲಿ, ಪೋಪ್ ಆರನೇ ಪಾಲ್ ಉಪವಾಸದ ನಿಯಮಗಳನ್ನು ಸಡಿಲಿಸಿದರು. ಮಾಂಸ ಬಿಡುವುದರ ಬದಲು ಬೇರೆ ಬಗೆಯ ತಪಸ್ಸು, ದಾನ ಮಾಡಬಹುದು, ಅದನ್ನು ಆಯಾ ದೇಶದ ಬಿಷಪರು ತೀರ್ಮಾನಿಸಲಿ ಅಂದರು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಬಿಷಪರು ತಪಸ್ಸು ಕಾಲದ ಶುಕ್ರವಾರಗಳನ್ನು ಉಳಿಸಿಕೊಂಡು, ಉಳಿದ ಶುಕ್ರವಾರಗಳ ಕಡ್ಡಾಯವನ್ನು ತೆಗೆದುಬಿಟ್ಟರು. ಮೀನಿನ ಪೇಟೆ ಕುಸಿಯಿತು. ಫ್ರೆಡರಿಕ್ ಬೆಲ್ ಅನ್ನುವ ಅರ್ಥಶಾಸ್ತ್ರಜ್ಞ 1968ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ನ್ಯೂ ಇಂಗ್ಲೆಂಡ್ ಕಡೆಯ ಬಂದರುಗಳಲ್ಲಿ ಮೀನಿನ ಬೆಲೆ ಸರಾಸರಿ ನೂರಕ್ಕೆ 12.5ರಷ್ಟು ಇಳಿಯಿತು. ರೋಮಿನಲ್ಲಿ ಹಾಕಿದ ಒಂದು ಸಹಿ, ಬೋಸ್ಟನ್ ಕಡೆಯ ಮೀನುಗಾರನ ಜೇಬು ಖಾಲಿ.

ಯಾವ ನಿಯಮಕ್ಕಾಗಿ ಹುಟ್ಟಿತೋ ಆ ನಿಯಮವೇ ಸಡಿಲವಾಯಿತು. ಬರ್ಗರ್ ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಮುಗಿಯಲಿಲ್ಲ. ಅಭ್ಯಾಸ ಅನ್ನುವುದು ಕಡ್ಡಾಯಕ್ಕಿಂತ ಗಟ್ಟಿ. ಇವತ್ತಿಗೂ ಅಮೆರಿಕದಲ್ಲಿ ವರ್ಷವಿಡೀ ಮಾರಾಟವಾಗುವ ಫಿಲೆ-ಓ-ಫಿಶ್‌ನಲ್ಲಿ ಸುಮಾರು ಕಾಲು ಭಾಗ ಆ ಒಂದೂವರೆ ತಿಂಗಳ ತಪಸ್ಸು ಕಾಲದಲ್ಲೇ ಹೋಗುತ್ತದೆ. ಬೇರೆ ಕಂಪನಿಗಳೂ ಆ ಕಾಲಕ್ಕೆ ಮೀನಿನ ಜಾಹೀರಾತು ಹಾಕುತ್ತವೆ. ಗ್ರೋಯೆನ್ ಮುಂದೆ ನಲವತ್ತಕ್ಕೂ ಹೆಚ್ಚು ಅಂಗಡಿಗಳ ಒಡೆಯರಾದರು, 2011ರಲ್ಲಿ 93ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಜೊತೆಗೆ ಹೊಸ ಜನ ಬಂದರು. ಗ್ರೋಯೆನ್ ಕನಸಿನಲ್ಲೂ ಎಣಿಸಿರದ ಜನ. ಹಲಾಲ್ ಅಲ್ಲದ ಮಾಂಸ ಮುಟ್ಟದ ಮುಸ್ಲಿಮರು, ಮೀನಿಗೆ ಆ ಕಟ್ಟು ಇಲ್ಲದ್ದರಿಂದ ಇದನ್ನು ತಮ್ಮದು ಮಾಡಿಕೊಂಡರು. ಆವಿಯಲ್ಲಿ ಬೆಂದ ಬನ್ನಿನ ಮೆತ್ತನೆಯ ರುಚಿ ಗೊತ್ತಿದ್ದ ಚೀನೀ ಮೂಲದವರಿಗೆ ಇದು ಹಿಡಿಸಿತು. ದನದ ಮಾಂಸ ತಿನ್ನದ, ಮೀನು ತಿನ್ನುವ ಭಾರತೀಯರಂತೂ ಸರಿಯೇ. ನ್ಯೂಜೆರ್ಸಿಯ ನಮ್ಮ ಅಣ್ಣನಂಥವರು ಎಲ್ಲ ಊರಲ್ಲೂ ಇದ್ದಾರೆ. ಒಬ್ಬರ ವ್ರತಕ್ಕೆ ಮಾಡಿದ ಅಡುಗೆ ಬೇರೆ ಬೇರೆ ಕಾರಣಕ್ಕೆ "ಬೇಡ" ಅನ್ನುವ ಇಷ್ಟೊಂದು ಮಂದಿಗೆ ಆಯಿತು. ನಯಾಗರಾ ದಾರಿಯ ಆ ಎರಡು ಮೇಜುಗಳ ನಡುವೆ ಇದ್ದ ನಂಟು ಇದೇ.

ಅಡುಗೆಯವರನ್ನು ನಂಬುವುದು

ತಿನ್ನಬಾರದ್ದನ್ನು ಬಿಟ್ಟವರು ಹೊರಗೆ ಉಣ್ಣುವಾಗ ಅಡುಗೆಮನೆಯನ್ನು ನಂಬಲೇಬೇಕು. ಒಳಗೆ ಹೋಗಿ ನೋಡಲು ಆಗುವುದಿಲ್ಲ. ಮೀನಿನ ವಿಷಯದಲ್ಲಿ ಜನರ ನಿಯಮವನ್ನು ಕೇಳಿಸಿಕೊಂಡ ಅದೇ ಕಂಪನಿ ಇನ್ನೊಂದು ಕಡೆ ಎಡವಿತು. ಅದನ್ನು ಹೇಳದೆ ಈ ಬರಹ ನಿಲ್ಲಿಸಲು ಮನಸ್ಸು ಬರುತ್ತಿಲ್ಲ, ಯಾಕೆಂದರೆ ಅದರಲ್ಲಿ ನೋವು ತಿಂದವರು ನಮ್ಮವರು.

ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಆಲೂಗಡ್ಡೆ ಫ್ರೈಸನ್ನು ಮೊದಲು ಕರಿಯುತ್ತಿದ್ದದ್ದು ಬಹುಪಾಲು ದನದ ಕೊಬ್ಬಿನಲ್ಲಿ. 1990ರಲ್ಲಿ ಇನ್ನು ಮುಂದೆ ಸಸ್ಯದ ಎಣ್ಣೆ ಅಂತ ಘೋಷಿಸಿದರು. ಅಲ್ಲಿಗೆ ಓದಲು, ದುಡಿಯಲು ಹೋದ ಸಾವಿರಾರು ಸಸ್ಯಾಹಾರಿಗಳು, ಅವರಲ್ಲಿ ಕನ್ನಡಿಗರೂ ಸೇರಿ, ಆ ಮಾತು ನಂಬಿ ನಿಶ್ಚಿಂತೆಯಿಂದ ತಿಂದರು. ದೂರದ ಪ್ರಯಾಣದಲ್ಲಿ ಅವರಿಗೆ ಸಿಗುತ್ತಿದ್ದ ಬಿಸಿ ತಿಂಡಿ ಅದೊಂದೇ. ಆದರೆ ಆಲೂಗಡ್ಡೆ ಅಂಗಡಿಗೆ ಬರುವ ಮೊದಲೇ, ಕಾರ್ಖಾನೆಯಲ್ಲಿ, ರುಚಿಗೆ ಅಂತ ದನದ ಮಾಂಸದ ಸಾರ ಸೇರಿಸುತ್ತಿದ್ದರು. ಪದಾರ್ಥಗಳ ಪಟ್ಟಿಯಲ್ಲಿ ಅದು ನೈಸರ್ಗಿಕ ರುಚಿ ಅಂತ ಮಾತ್ರ ಇತ್ತು. 2001ರಲ್ಲಿ ಸಿಯಾಟಲ್‌ನ ಭಾರತೀಯ ಮೂಲದ ವಕೀಲರೊಬ್ಬರು ಮೊಕದ್ದಮೆ ಹೂಡಿದರು. ಸುದ್ದಿ ಇಲ್ಲಿಗೆ ಬಂದಾಗ ಮುಂಬೈ ಕಡೆ ಪ್ರತಿಭಟನೆ ಆಯಿತು. ಭಾರತದ ಫ್ರೈಸಿನಲ್ಲಿ ಅಂಥದ್ದೇನೂ ಇಲ್ಲ ಅಂತ ಕಂಪನಿ ಹೇಳಿತು. 2002ರಲ್ಲಿ 1 ಕೋಟಿ ಡಾಲರ್ ಕೊಟ್ಟು, ಕ್ಷಮೆ ಕೇಳಿ ಮೊಕದ್ದಮೆ ಇತ್ಯರ್ಥ ಮಾಡಿಕೊಂಡರು. ದುಡ್ಡಿನ ಹೆಚ್ಚಿನ ಪಾಲು ಸಸ್ಯಾಹಾರಿ ಸಂಸ್ಥೆಗಳಿಗೆ, ಒಂದು ಪಾಲು ಹಿಂದೂ ಮತ್ತು ಸಿಖ್ ಸಂಸ್ಥೆಗಳಿಗೆ ಹೋಯಿತು.

ಅದಕ್ಕೂ ಮೊದಲು, 1996ರ ಅಕ್ಟೋಬರಿನಲ್ಲಿ, ಇದೇ ಕಂಪನಿ ದೆಹಲಿಯ ವಸಂತ ವಿಹಾರದಲ್ಲಿ ಭಾರತದ ಮೊದಲ ಅಂಗಡಿ ತೆರೆದಿತ್ತು. ಅಲ್ಲಿ ದನದ ಮಾಂಸ ಇಲ್ಲ, ಹಂದಿ ಇಲ್ಲ. ಸಸ್ಯಾಹಾರದ ಅಡುಗೆಯ ಜಾಗ ಬೇರೆ, ಪಾತ್ರೆ ಬೇರೆ, ಮಯೋನೀಸಿಗೆ ಮೊಟ್ಟೆಯೂ ಇಲ್ಲ. ದೆಹಲಿಯಲ್ಲಿ ಇಷ್ಟು ಎಚ್ಚರ ವಹಿಸಿದವರು ಅದೇ ವರ್ಷಗಳಲ್ಲಿ ಅಮೆರಿಕದ ಪಟ್ಟಿಯಲ್ಲಿ ಎರಡು ಪದ ಬಿಡಿಸಿ ಬರೆಯಲಿಲ್ಲ. ಭಾರತದಲ್ಲಿ "ಬೇಡ" ಅನ್ನುವವರು ಕೋಟಿಗಟ್ಟಲೆ ಇದ್ದರು. ಅಮೆರಿಕದಲ್ಲಿ ಅವರು ಕೈಬೆರಳೆಣಿಕೆಯ ಗಿರಾಕಿಗಳು. ಮಾನ್‌ಫೋರ್ಟ್ ಹೈಟ್ಸಿನಲ್ಲೂ ನೂರಕ್ಕೆ 87ರ ಬದಲು ಬರೀ 7 ಮಂದಿ ಇದ್ದಿದ್ದರೆ ಗ್ರೋಯೆನ್ ಮೀನು ಕರಿಯುತ್ತಿದ್ದರೇ? ಬಹುಶಃ ಇಲ್ಲ. ಇದು ನನಗೆ ಬೇಸರ ತರುವ ಉತ್ತರ, ಆದರೆ ಬೇರೆ ಉತ್ತರ ಕಾಣುತ್ತಿಲ್ಲ.

ಅಮೆರಿಕದ ಫ್ರೈಸಿನ ಪದಾರ್ಥಗಳ ಪಟ್ಟಿಯಲ್ಲಿ ಈಗ ದನದ ಮಾಂಸದ ರುಚಿ ಅಂತ ಬಿಡಿಸಿ ಬರೆದಿದ್ದಾರೆ, ಅದನ್ನು ಗೋಧಿ ಮತ್ತು ಹಾಲಿನಿಂದ ತಯಾರಿಸಿದ್ದು ಅಂತಲೂ ಪಕ್ಕದಲ್ಲೇ ಇದೆ. ಕಂಪನಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿಗೆ ಹೊರಟ ಸಸ್ಯಾಹಾರಿ ಗೆಳತಿಯರಿಗೆ ನಾನು ಅದರ ಲಿಂಕ್ ಕಳಿಸುತ್ತೇನೆ. ತಿನ್ನಬೇಕೋ ಬಿಡಬೇಕೋ ಅವರವರ ಇಷ್ಟ. ಗೊತ್ತಿದ್ದು ತೀರ್ಮಾನ ಮಾಡಲಿ.